ದಿನಕ್ಕೆ 100 ಕಿಲೋಮೀಟರ್ ಅಂತೆ, ಅದೂ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ!

ಆಸ್ಟ್ರೇಲಿಯಾದ ನಟ್ಟನಡುವೆ ಇರುವ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ನಮಗೆ ಕಾರು ಬಾಡಿಗೆಗೆ ಕೊಟ್ಟ ಕಂಪನಿಯ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಊರಿನ ಮೇಲೆ ದೂರಿಲ್ಲ. ಆದರೆ ಅಷ್ಟು ದೂರ ಜನ ಯಾಕೆ ಹೋಗುತ್ತಾರೆ ಹೇಳಿ? ಅಲ್ಲಿ ರೂಮ್ ಮಾಡಿಕೊಂಡು ಸುತ್ತಲಿನ ಮರುಭೂಮಿ, ಕಣಿವೆ, ಉಲುರು ಬಂಡೆ ಎಲ್ಲ ನೋಡೋಣ ಅಂತ ಅಲ್ವಾ? ಕಂಪನಿಯ ಜಾಹೀರಾತಿನಲ್ಲೂ ಅದೇ ಚಿತ್ರ. ಕೆಂಪು ಮಣ್ಣಿನ ರಸ್ತೆ, ಧೂಳೆಬ್ಬಿಸುತ್ತಾ ಹೋಗುವ ಕಾರು. ಕೀ ಕೈಗಿಡುವಾಗ ಮಾತ್ರ ಹೇಳುತ್ತಾರೆ, ದಿನಕ್ಕೆ 100 ಕಿಲೋಮೀಟರ್ ಅಷ್ಟೇ ಉಚಿತ, ಮೇಲಿನ ಪ್ರತಿ ಕಿಲೋಮೀಟರಿಗೂ ದುಡ್ಡು. ಇದೇ ಕಂಪನಿ ಮೆಲ್ಬರ್ನ್‌ನಲ್ಲಿ ನಮಗೆ ಕಾರು ಕೊಟ್ಟಾಗ ಇಂಥ ಮಿತಿಯೇ ಇರಲಿಲ್ಲ.

100 ಕಿಲೋಮೀಟರಿನಲ್ಲಿ ಅಲ್ಲಿ ಏನು ನೋಡಬಹುದು? ಸ್ಟ್ಯಾಂಡ್ಲಿ ಕ್ಯಾಸಮ್ ಎಂಬ ಕಿರುಕಣಿವೆ ಊರಿನಿಂದ ಸುಮಾರು 50 ಕಿಲೋಮೀಟರ್. ಹೋಗಿ ಬರುವಷ್ಟರಲ್ಲಿ ಆ ದಿನದ ಲೆಕ್ಕ ಮುಗಿಯಿತು. ಆರ್ಮಿಸ್ಟನ್ ಗಾರ್ಜ್ ಎಂಬ ಇನ್ನೊಂದು ಕಣಿವೆ ಸುಮಾರು 135. ಇನ್ನು ಉಲುರುವಿಗೆ 450 ಕಿಲೋಮೀಟರಿಗೂ ಜಾಸ್ತಿ! ಹುಬ್ಬಳ್ಳಿಯಲ್ಲಿ ಉಳಿದುಕೊಂಡವರಿಗೆ ಲಾಲ್‌ಬಾಗ್ ನೋಡಿಕೊಂಡು ಸಂಜೆಗೆ ವಾಪಸ್ ಬನ್ನಿ ಅಂದ ಹಾಗಾಯಿತು. ಹುಬ್ಬಳ್ಳಿ ದಾರಿಯಲ್ಲಾದರೂ ಊರೂರಿಗೆ ಚಹಾ ಸಿಗುತ್ತದೆ. ಇಲ್ಲಿ ಸುಮಾರು 200 ಕಿಲೋಮೀಟರ್ ಹೋಗಿ ಎರ್ಲ್‌ಡುಂಡಾ ಎಂಬ ಪೆಟ್ರೋಲ್ ಬಂಕ್ ಬರುವವರೆಗೆ ಒಂದೆರಡು ಕಡೆ ಬಿಟ್ಟರೆ ಏನೂ ಇಲ್ಲ. ಬಹುತೇಕ ಕಡೆ ಫೋನಿಗೆ ಸಿಗ್ನಲ್ ಕೂಡ ಇಲ್ಲ.

ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದಿದ್ದರು. ಅಪ್ಪನಿಗೆ ಸೂರ್ಯ ಮುಳುಗುವಾಗ ಉಲುರು ಬಣ್ಣ ಬದಲಿಸುವುದನ್ನು ನೋಡಬೇಕೆಂಬ ಆಸೆ. ಆಗ ಬಂತು ಎರಡನೇ ಷರತ್ತು. ಕತ್ತಲಾದ ಮೇಲೆ ಊರಿನ ಹೊರಗೆ ಕಾರು ಓಡಿಸುವ ಹಾಗಿಲ್ಲ, ಓಡಿಸಿದರೆ ವಿಮೆ ಇಲ್ಲ. ಕಾರಣ ಸರಿಯಾದದ್ದೇ. ಬೇಲಿ ಇಲ್ಲದ ರಸ್ತೆ, ಕಾಂಗರೂ ಅಡ್ಡ ಹಾರುತ್ತವೆ, ದನಗಳು ನಿಂತಿರುತ್ತವೆ. ಅದು ನಮಗೂ ಅರ್ಥವಾಗುತ್ತದೆ. ಆದರೆ ಜೂನ್‌ನಲ್ಲಿ ಅಲ್ಲಿ ಬೆಳಕಾಗುವುದೇ 7 ಗಂಟೆ ಸುಮಾರಿಗೆ, ಸಂಜೆ 6ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹೋಗಲು 5 ಗಂಟೆ, ಬರಲು 5 ಗಂಟೆ. ಬಂಡೆ ನೋಡುವುದು ಯಾವಾಗ? ಕೊನೆಗೆ ಉಲುರು ಪಕ್ಕದ ಯುಲಾರಾದಲ್ಲಿ ದುಬಾರಿ ರೂಮ್ ತೆಗೆದುಕೊಂಡೆವು. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಆಗಲೇ ದುಡ್ಡು ಕೊಟ್ಟಿದ್ದ ರೂಮ್ ಆ ರಾತ್ರಿ ಸುಮ್ನೆ ಖಾಲಿ ಬಿದ್ದಿತ್ತು.

ಉಲುರು ಪಾರ್ಕಿಗೆ ದೊಡ್ಡವರಿಗೆ ತಲಾ 38 ಡಾಲರ್ ಟಿಕೆಟ್. ಅದನ್ನು ಕೊಡಲು ನನಗೆ ಒಂಚೂರೂ ಬೇಸರವಾಗಲಿಲ್ಲ. ಆ ನೆಲ 1985ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ಕೈಗೆ ಮರಳಿತು, ಟಿಕೆಟ್ ದುಡ್ಡಿನಲ್ಲಿ ಅವರಿಗೂ ಪಾಲಿದೆ. ಅಲ್ಲಿ ಎಷ್ಟು, ಯಾಕೆ ಅಂತ ಮೊದಲೇ ಹೇಳುತ್ತಾರೆ. ಈ ಕಾರು ಕಂಪನಿಯವರಿಗೆ ಹಾಗೆ ಹೇಳಲು ಏನು ರೋಗ?

ಇನ್ನೂ ಇದೆ. ಆಲಿಸ್ ಸ್ಪ್ರಿಂಗ್ಸ್‌ನಿಂದ ಕಿಂಗ್ಸ್ ಕ್ಯಾನ್ಯನ್ ಎಂಬ ದೊಡ್ಡ ಕಣಿವೆಗೆ ಹತ್ತಿರದ ದಾರಿ ಮೆರೀನಿ ಲೂಪ್. ಅದರಲ್ಲಿ ಒಂದಷ್ಟು ದೂರ ಮಣ್ಣಿನ ರಸ್ತೆ. ನಮ್ಮ ಕಾರಿಗೆ ಮಣ್ಣಿನ ರಸ್ತೆ ನಿಷೇಧ! ಮತ್ತೆ ಜಾಹೀರಾತಿನಲ್ಲಿ ಧೂಳೆಬ್ಬಿಸುತ್ತಾ ಹೋಗುತ್ತಿದ್ದ ಕಾರು ಯಾರದ್ದು? ಟಾರು ರಸ್ತೆಯಲ್ಲೇ ಸುತ್ತಿ ಹೋದರೆ ಅದೂ 450 ದಾಟುತ್ತದೆ. ಅಂದರೆ ಹತ್ತಿರದ ದಾರಿಗೆ ಬೀಗ ಹಾಕಿ, ದೂರದ ದಾರಿಗೆ ಮೀಟರ್ ಇಟ್ಟಿದ್ದಾರೆ. ಅಮ್ಮ "ಬೇಡ ಬಿಡು, ಇಷ್ಟು ನೋಡಿದ್ದು ಸಾಕು" ಅಂದರು. ಖರ್ಚಿಗೆ ಹೆದರಿ ಅವರು ಹಾಗಂದದ್ದು ಅಂತ ನನಗೆ ಗೊತ್ತು. ಹೊಟ್ಟೆ ಉರಿಯಿತು. ಕಿಂಗ್ಸ್ ಕ್ಯಾನ್ಯನ್ ಕೈಬಿಟ್ಟೆವು.

ಕಾರು ವಾಪಸ್ ಕೊಟ್ಟಮೇಲೆ ಬಂದ ಬಿಲ್ಲಿನಲ್ಲಿ ಕಿಲೋಮೀಟರ್ ದುಡ್ಡು ಬಾಡಿಗೆಗಿಂತ ಜಾಸ್ತಿ. ಕೇಳಿದರೆ, ಷರತ್ತುಗಳಲ್ಲಿ ಎಲ್ಲ ಬರೆದಿದೆ ಎಂಬ ಉತ್ತರ. ಬುಕ್ ಮಾಡುವ ಪುಟದಲ್ಲಿ ದಿನದ ಬಾಡಿಗೆಯನ್ನು ಅಷ್ಟು ದಪ್ಪ ಅಕ್ಷರದಲ್ಲಿ ಹಾಕುತ್ತಾರಲ್ಲ, ಅದರ ಪಕ್ಕದಲ್ಲೇ "ದಿನಕ್ಕೆ 100 ಕಿಲೋಮೀಟರ್, ಉಲುರುವಿಗೆ ಹೋಗಿ ಬರಲು 900ಕ್ಕಿಂತ ಜಾಸ್ತಿ" ಅಂತ ಅಷ್ಟೇ ದಪ್ಪಗೆ ಹಾಕಲಿ. ಬಿಲ್ಲಿನ ಕೊನೆಯಲ್ಲಿ ಕೆಂಪು ಧೂಳು ತೊಳೆದ ಖರ್ಚು ಅಂತ ಇನ್ನೊಂದು ಸಾಲು ಬೇರೆ. ಟಾರು ಬಿಟ್ಟು ಇಳಿಯದ ಕಾರಿಗೆ! ಆ ದುಡ್ಡನ್ನು ನಾನು ಕೊಡುವುದಿಲ್ಲ ಅಂತ ಬರೆದು ಕಳಿಸಿದ್ದೇನೆ.