ಹೆಬ್ಬಾವು ಸಾಕಿದ ಕಥೆ

ಹೀರೋ, ಬೆಂಕಿ, ಹೊಗೆ ಮೂರನ್ನೂ ಬೇರೆ ಬೇರೆ ಕಡೆಯಿಂದ ತಂದು ಒಂದೇ ಚೌಕಟ್ಟಿನಲ್ಲಿ ಕೂರಿಸಿ, ಹುಟ್ಟಿದಾಗಿನಿಂದ ಒಟ್ಟಿಗೇ ಇದ್ದವೆಂದು ಪ್ರೇಕ್ಷಕರನ್ನು ನಂಬಿಸುವುದು ನನ್ನ ಉದ್ಯೋಗ. ಕಾಂಪೋಸಿಟಿಂಗ್ ಅಂತಾರೆ. ಊರಲ್ಲಿ ಅಮ್ಮ ಮಾತ್ರ "ಕಂಪ್ಯೂಟರಲ್ಲಿ ಬೆಂಕಿ ಹಚ್ತಾನೆ" ಎಂದು ಹೇಳಿಕೊಂಡು ತಿರುಗುತ್ತಾಳೆ.

ಒಂದು ಸಂಜೆ ಬೆಂಕಿಯ ಹೊಸ ಆವೃತ್ತಿ ಬಂತು. ವಿ1 ಇದ್ದದ್ದು ಈಗ ವಿ2. ಈ ಕೆಲಸ ಮಾಡುವ ತಂತ್ರಾಂಶ ನ್ಯೂಕ್‌ನಲ್ಲಿ ನನ್ನ ಶಾಟ್ ತೆರೆದರೆ 36 ರೀಡ್ ನೋಡ್‌ಗಳು, ಅಂದರೆ ಚಿತ್ರಗಳನ್ನು ಒಳಗೆ ತರುವ ಡಬ್ಬಿಗಳು; ಅದರಲ್ಲಿ ಬೆಂಕಿಯವು ಒಂಬತ್ತು. ಕೈಯಲ್ಲೇ ಬದಲಿಸಿದ್ದರೆ ಐದು ನಿಮಿಷದ ಕೆಲಸ. ಆದರೆ ಹಿಂದಿನ ವಾರವಷ್ಟೇ ಪೈಥಾನ್, ಅಂದರೆ ಹೆಬ್ಬಾವು, ಎಂಬ ಹೆಸರಿನ ಪ್ರೋಗ್ರಾಮಿಂಗ್ ಭಾಷೆ ಕಲಿತಿದ್ದೆ ನೋಡಿ. ಹೊಸದಾಗಿ ಸೈಕಲ್ ಕಲಿತ ಹುಡುಗ ಪಕ್ಕದ ಮನೆಗೆ ಮಜ್ಜಿಗೆ ತರಲೂ ಸೈಕಲ್ಲೇ ಹತ್ತುತ್ತಾನೆ.

ಬರೆದದ್ದು ನಾಲ್ಕೇ ಸಾಲು: ಎಲ್ಲ ನೋಡ್ ಹುಡುಕು, ಕಡತದ ವಿಳಾಸ ಬರೆಯುವ ಫೈಲ್ ಎಂಬ ನಾಬ್ ಇದೆಯೇ ನೋಡು, ಇದ್ದರೆ ವಿ1 ತೆಗೆದು ವಿ2 ಹಾಕು, ಸೇವ್ ಮಾಡು. ಅದಕ್ಕೇ ಒಂದು ಗಂಟೆ ಹಿಡಿಯಿತು. ಸಾಲಿನ ಶುರುವಿನ ಖಾಲಿ ಜಾಗದ ವಿಷಯದಲ್ಲಿ ಪೈಥಾನ್‌ದು ನಮ್ಮಜ್ಜಿಯ ಮಡಿ. ಒಂದು ಸ್ಪೇಸ್ ಆಚೀಚೆ ತಾಗಿದರೂ ಒಳಗೆ ಬಿಡುವುದಿಲ್ಲ. ಕೊನೆಗೊಮ್ಮೆ ಓಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ನ್ಯೂಕ್ ಮುಚ್ಚಿ, ಗೆದ್ದವನ ಗತ್ತಿನಲ್ಲಿ ಟೀ ಕುಡಿಯಲು ಹೋದೆ.

ಬಂದು ತೆರೆದರೆ ನೋಡ್‌ಗಳ ಮೇಲೆ ಕೆಂಪಕ್ಷರದಲ್ಲಿ 'ಎರರ್'. ಬೆಂಕಿಯೇನೋ ಸರಿಯಾಗಿತ್ತು. ಆದರೆ ಹೊಗೆಯ ವಿ11ರಲ್ಲೂ ಒಂದು ವಿ1 ಅಡಗಿತ್ತಲ್ಲ! ಅದು ವಿ21 ಆಗಿತ್ತು. ಧೂಳಿನ ವಿ16 ಹೋಗಿ ವಿ26. ಎಫೆಕ್ಟ್ಸ್ ವಿಭಾಗದವರು ಮುಂದಿನ ತಿಂಗಳು ಮಾಡಬಹುದಾದ ಹೊಗೆ, ಧೂಳನ್ನೆಲ್ಲ ನನ್ನ ಹೆಬ್ಬಾವು ಮುಂಗಡವಾಗಿ ಕೇಳುತ್ತಾ ಕೂತಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಒಂದೊಂದೇ ಕೆಂಪನ್ನು ಕೈಯಲ್ಲೇ ತಿದ್ದಿದೆ. ರಾತ್ರಿ ಹನ್ನೊಂದಕ್ಕೆ ಫ್ರೇಮ್ 1001ರಿಂದ 1120ರವರೆಗೆ ರೆಂಡರ್‌ಗೆ ಹಾಕಿ ಮನೆಗೆ ಹೋದೆ. ಇಷ್ಟೆಲ್ಲ ರಾಮಾಯಣ ತೆರೆಯ ಮೇಲಿನ ಐದು ಸೆಕೆಂಡಿಗೆ.

ಬೆಳಿಗ್ಗೆ ಶಾಟ್ ತಾನಾಗಿಯೇ ಕ್ಲೈಂಟ್‌ಗೆ ಹೋಗಿತ್ತು. ಚಿತ್ರ ಹೊರಹಾಕುವ ರೈಟ್ ನೋಡ್‌ಗೂ ಫೈಲ್ ಎಂಬ ನಾಬ್ ಇರುತ್ತದೆ, ಅದು ಮಾತ್ರ ಕೆಂಪಾಗಿ ಅರಚುವುದಿಲ್ಲ ಎಂಬುದು ನನಗೆ ಹೊಳೆದದ್ದು ಅವರ ಫೋನ್ ಬಂದಾಗಲೇ.

"ಹೋದ ವಾರ ವಿ13 ನೋಡಿದ್ವಿ, ಇವತ್ತು ವಿ24 ಬಂದಿದೆ! ಏನು ಶ್ರಮ ರೀ ನಿಮ್ದು! ನಡುವಿನ ಹತ್ತನ್ನೂ ಕಳಿಸಿಬಿಡಿ, ನಿರ್ದೇಶಕರು ಹೋಲಿಸಿ ನೋಡ್ಬೇಕಂತೆ."