ನಾಲ್ವರು ಸೇರಿ ಆಡೋಕೆ ಯಾವ ಗೇಮ್? ಮೊದಲು ಬಿಗಿಯೋ ಸಡಿಲವೋ ಹೇಳಿ

"ಫ್ರೆಂಡ್ಸ್ ಜೊತೆ ಆಡೋಕೆ ಒಳ್ಳೆ ಕೋ-ಆಪ್ ಗೇಮ್ ಹೇಳಿ" ಅಂತ ಯಾರಾದರೂ ಕೇಳಿದರೆ ಸಾಕು, ಹತ್ತು ಹೆಸರು ಬಂದು ಬೀಳುತ್ತವೆ. ಹತ್ತೂ ಒಳ್ಳೆಯವೇ. ಆದರೂ ಅಂಗಡಿಯ ಸೇಲ್‌ನಲ್ಲಿ ನಾಲ್ಕು ಜನ ನಾಲ್ಕು ಕಾಪಿ ಕೊಂಡು, ಮೊದಲ ಶನಿವಾರ ಮೂರು ಗಂಟೆ ಆಡಿ, ಎರಡನೇ ಶನಿವಾರ ಒಬ್ಬ ಕೈಕೊಟ್ಟು, ಮೂರನೇ ಶನಿವಾರಕ್ಕೆ ವಾಟ್ಸಾಪ್ ಗುಂಪೇ ತಣ್ಣಗಾಗಿರುತ್ತೆ. ಆಟದ್ದೇನೂ ತಪ್ಪಿಲ್ಲ. ಅದು ಕೇಳುವಷ್ಟು ಹಾಜರಿ ಕೊಡೋಕೆ ಆ ಗುಂಪಿನ ಕೈಲಿ ಆಗಲ್ಲ, ಅಷ್ಟೇ.

ಕೋ-ಆಪ್, ಅಂದರೆ ಎದುರುಬದುರಾಗದೆ ಒಂದೇ ತಂಡವಾಗಿ ಆಡುವ ಆಟ, ಅನ್ನುವ ಒಂದೇ ಲೇಬಲ್ ಕೆಳಗೆ ಎರಡು ಜಾತಿಯ ಆಟಗಳಿವೆ. ಒಂದು ಬಿಗಿ: ನೀನಿಲ್ಲದೆ ನಾನು ಒಂದು ಹೆಜ್ಜೆಯೂ ಮುಂದೆ ಹೋಗೋಕಾಗಲ್ಲ. ಇನ್ನೊಂದು ಸಡಿಲ: ನೀನಿದ್ದರೆ ಮಜಾ ಜಾಸ್ತಿ, ಬರದಿದ್ದರೂ ಆಟ ನಿಲ್ಲಲ್ಲ. ಗ್ರಾಫಿಕ್ಸು, ಕಥೆ, ರಿವ್ಯೂ ಎಲ್ಲ ಆಮೇಲೆ. ಇದನ್ನು ಮೊದಲು ತೀರ್ಮಾನ ಮಾಡಬೇಕು.

ಬಿಗಿ ಅಂದರೆ ಎಷ್ಟು ಬಿಗಿ ಅನ್ನೋಕೆ 2021ರ 'ಇಟ್ ಟೇಕ್ಸ್ ಟೂ' ನೋಡಿ. ಇಬ್ಬರೇ ಆಡಬೇಕು; ಒಬ್ಬರೂ ಆಗಲ್ಲ, ಮೂವರೂ ಆಗಲ್ಲ. ಶೆಡ್‌ನ ಭಾಗದಲ್ಲಿ ಒಬ್ಬರ ಪಾತ್ರ ಕೋಡಿ ಕೈಗೆ ಮೊಳೆ ಸಿಗುತ್ತೆ, ಇನ್ನೊಬ್ಬರ ಪಾತ್ರ ಮೇ ಕೈಗೆ ಸುತ್ತಿಗೆ. ಕೋಡಿ ಗೋಡೆಗೆ ಮೊಳೆ ಎಸೆದು ನೆಟ್ಟರೆ ಮೇ ಅದಕ್ಕೆ ಸುತ್ತಿಗೆ ಸಿಕ್ಕಿಸಿ ಜೀಕಿ ಆಚೆ ದಾಟುತ್ತಾಳೆ. ಮೊಳೆ ಬೇಗ ವಾಪಸ್ ಕರೆದುಕೊಂಡರೆ ಅವಳು ಕೆಳಗೆ. ಹೊಸ ಜಾಗಕ್ಕೆ ಹೋದಾಗಲೆಲ್ಲ ಇಬ್ಬರ ಕೈಗೂ ಬೇರೆ ಬೇರೆ ಉಪಕರಣ ಬರುವುದರಿಂದ ಯಾರೊಬ್ಬರೂ ಎಕ್ಸ್‌ಪರ್ಟ್ ಆಗಿ ಮೆರೆಯುವಷ್ಟು ಹೊತ್ತು ಸಿಗಲ್ಲ. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅನ್ನಿಸಿಕೊಂಡಿದ್ದು ಸುಮ್ಮನೆ ಅಲ್ಲ. ಜೇಬಿಗೂ ಹಗುರ: ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರು ಫ್ರೆಂಡ್ಸ್ ಪಾಸ್ ಅನ್ನು ಉಚಿತವಾಗಿ ಡೌನ್‌ಲೋಡ್ ಮಾಡಿಕೊಂಡು ಸೇರಬಹುದು. ಎಡವುವುದು ಒಂದು ಕಡೆ. ನಿಮ್ಮ ಹತ್ತಿರ ಪಿಸಿ, ಗೆಳೆಯನ ಹತ್ತಿರ ಪ್ಲೇಸ್ಟೇಷನ್ ಇದ್ದರೆ ಈ ಆಟ ಕೂಡಿಬರಲ್ಲ. ಇದನ್ನು ಮಾಡಿದ ಹೇಜ್‌ಲೈಟ್ ಸ್ಟುಡಿಯೋನೇ 2025ರ ಮಾರ್ಚ್‌ನಲ್ಲಿ ತಂದ 'ಸ್ಪ್ಲಿಟ್ ಫಿಕ್ಷನ್'ನಲ್ಲಿ ಈ ತೊಡಕಿಲ್ಲ. ಅಲ್ಲಿ ಫ್ರೆಂಡ್ಸ್ ಪಾಸ್ ಬೇರೆ ಬೇರೆ ಯಂತ್ರಗಳ ನಡುವೆಯೂ ನಡೆಯುತ್ತೆ.

ಲ್ಯಾಪ್‌ಟಾಪ್ ಹಳೆಯದಾದರೆ ವಾಲ್ವ್‌ನವರ 'ಪೋರ್ಟಲ್ 2'. 2011ರದ್ದು, ಡಿಸ್ಕ್‌ನಲ್ಲಿ 8 ಜಿಬಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ಇದರ ಕೋ-ಆಪ್ ಭಾಗಕ್ಕೆ ಒಬ್ಬರೇ ಆಡುವ ಕಥೆಗಿಂತ ಬೇರೆಯೇ ಒಗಟಿನ ಕೋಣೆಗಳಿವೆ. ತಲಾ ಎರಡರಂತೆ ನಾಲ್ಕು ಪೋರ್ಟಲ್, ಅಂದರೆ ಒಂದರಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಬರುವ ಬಾಗಿಲು. ಇಬ್ಬರಲ್ಲಿ ಒಬ್ಬರು ಈಗಾಗಲೇ ಆಡಿ ಮುಗಿಸಿದ್ದರೆ ಮಾತ್ರ ಬೇಡ. ಉತ್ತರ ಗೊತ್ತಿರುವವನು ಬಾಯಿ ಮುಚ್ಚಿಕೊಂಡು ಕೂರುವುದು ಮನುಷ್ಯಮಾತ್ರದವರಿಗೆ ಸಾಧ್ಯವಿಲ್ಲ.

ಇನ್ನು ಗುಂಪಿನಲ್ಲಿ ಗೇಮ್ ಆಡದವರೇ ಜಾಸ್ತಿ ಇದ್ದರೆ 'ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್' ಬಿಟ್ಟು ಬೇರೆ ಹುಡುಕಬೇಡಿ. ಆಟ ಒಬ್ಬರ ಹತ್ತಿರ ಇದ್ದರೆ ಸಾಕು, ಅದು ಫೋನ್ ಆದರೂ ನಡೆಯುತ್ತೆ. ಅವರಿಗೆ ನಿಷ್ಕ್ರಿಯ ಮಾಡಬೇಕಾದ ಬಾಂಬ್ ಕಾಣುತ್ತೆ, ಅದು ಹೇಗೆ ಅನ್ನುವ ಕೈಪಿಡಿ ಕಾಣಲ್ಲ. ಉಳಿದವರಿಗೆ ಕೈಪಿಡಿ ಮಾತ್ರ. ಅದು ಉಚಿತ, 23 ಪುಟ, ಪ್ರಿಂಟ್ ಹಾಕಿಸಿಕೊಳ್ಳಬಹುದು, ಫೋನಿನಲ್ಲೇ ಓದಬಹುದು. ಮೂರು ವೈರ್ ಇದ್ದರೆ ಕೈಪಿಡಿ ಹೇಳುವುದು ಹೀಗೆ: ಕೆಂಪು ಇಲ್ಲವೇ ಇಲ್ಲವೆಂದರೆ ಎರಡನೆಯದನ್ನು ಕತ್ತರಿಸು, ಇದ್ದು, ಕೊನೆಯದು ಬಿಳಿಯಾದರೆ ಕೊನೆಯದನ್ನು, ಅದೂ ಅಲ್ಲದೆ ನೀಲಿ ಒಂದಕ್ಕಿಂತ ಹೆಚ್ಚಿದ್ದರೆ ಕೊನೆಯ ನೀಲಿಯನ್ನು, ಇದ್ಯಾವುದೂ ಅಲ್ಲದಿದ್ದರೆ ಮತ್ತೆ ಕೊನೆಯದನ್ನೇ. ಓದುವಾಗ ಸುಲಭ. ಟೈಮರ್ ಓಡುವಾಗ "ಕೊನೇದು ಅಂದ್ರೆ ಮೇಲಿಂದಾನಾ ಕೆಳಗಿಂದಾನಾ" ಅಂತ ಶುರುವಾಗುತ್ತೆ. ಸಾಮಾನ್ಯವಾಗಿ ಮೂರು ತಪ್ಪಿಗೆ ಬಾಂಬ್ ಢಂ ಅನ್ನುತ್ತೆ, ಜೊತೆಗೆ ಪ್ರತಿ ತಪ್ಪಿಗೂ ಗಡಿಯಾರದ ಓಟ ಜೋರಾಗುತ್ತೆ.

ಕನ್ನಡದಲ್ಲಿ ಮಾತಾಡಿಕೊಂಡು ಆಡುವವರು ಒಂದು ಕಡೆ ಹುಷಾರಾಗಿರಬೇಕು. ಪದಗಳ ಬಟನ್ ಇರುವ ಒಂದು ಮಾಡ್ಯೂಲ್‌ನಲ್ಲಿ (ಬಾಂಬ್ ಮೇಲಿನ ಒಂದೊಂದು ಒಗಟೂ ಒಂದು ಮಾಡ್ಯೂಲ್) ಉಚ್ಚಾರ ಒಂದೇ ಥರ ಇರುವ ಇಂಗ್ಲಿಷ್ ಪದಗಳನ್ನು ಬೇಕೆಂತಲೇ ತುಂಬಿದ್ದಾರೆ. "ರೆಡ್" ಅಂದರೆ ಆರ್-ಇ-ಡಿ ಆಗಬಹುದು, ಆರ್-ಇ-ಎ-ಡಿ ಆಗಬಹುದು. ಪಕ್ಕದಲ್ಲಿ ಆರ್-ಇ-ಇ-ಡಿಯೂ ಕೂತಿರುತ್ತೆ. ಕೆಲವೊಮ್ಮೆ ಪರದೆ ಖಾಲಿ ಇರುತ್ತೆ, ಕೆಲವೊಮ್ಮೆ ಪರದೆ ಮೇಲೆ "ಬ್ಲಾಂಕ್" ಅನ್ನುವ ಪದವೇ ಇರುತ್ತೆ. ಪದವನ್ನು ಹೇಳಬೇಡಿ, ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿ. ಖಾಲಿ ಪರದೆಗೆ ಮಾತ್ರ "ಏನೂ ಇಲ್ಲ" ಅಂತ ಮೊದಲೇ ಮಾತಾಡಿಕೊಂಡಿರಿ.

ಬಿಗಿ ಆಟಗಳ ಮಾತು ಇಲ್ಲಿಗೆ ಸಾಕು. ನಾಲ್ವರಲ್ಲಿ ಯಾರು ಬರುತ್ತಾರೆ ಅನ್ನೋದು ಸಂಜೆವರೆಗೂ ಗೊತ್ತಾಗದ ಗುಂಪಿಗೆ ಸಡಿಲ ಆಟವೇ ಬೇಕು. ಅದರಲ್ಲಿ ನನ್ನ ಓಟು ಗುಹೆಗಿಳಿದು ಖನಿಜ ಅಗೆಯುವ 'ಡೀಪ್ ರಾಕ್ ಗ್ಯಾಲಕ್ಟಿಕ್'ಗೆ. ಒಬ್ಬರಿಂದ ನಾಲ್ವರವರೆಗೆ ಎಷ್ಟು ಜನವಾದರೂ ಸರಿ, ಒಂದು ಮಿಷನ್ ಹೆಚ್ಚುಕಡಿಮೆ ಅರ್ಧ ಗಂಟೆ, ನಡುವೆ ಬಂದು ಸೇರಬಹುದು, ಗಳಿಕೆ ಅವರವರ ಖಾತೆಗೆ. ತಡವಾಗಿ ಬಂದವನಿಗಾಗಿ ಯಾರೂ ಕಾಯಬೇಕಿಲ್ಲ. ಆದರೆ ಸಡಿಲ ಅಂದರೆ ನಾಲ್ವರೂ ಅವರವರ ಪಾಡಿಗೆ ಗುಂಡು ಹಾರಿಸಿಕೊಂಡಿರುವುದಲ್ಲ. ಗುಹೆಯ ಚಾವಣಿಯಲ್ಲಿ ಖನಿಜ ಹೊಳೆಯುತ್ತಿರುತ್ತೆ. ಆಟದ ನಾಲ್ಕು ಪಾತ್ರಗಳಲ್ಲಿ ಒಬ್ಬನಾದ ಸ್ಕೌಟ್ ಫ್ಲೇರ್ ಹಾರಿಸಿ ಬೆಳಕು ಮಾಡುತ್ತಾನೆ. ಇಂಜಿನಿಯರ್ ಆ ಖನಿಜದ ಸ್ವಲ್ಪ ಕೆಳಗೆ ಗುರಿಯಿಟ್ಟು ಪ್ಲಾಟ್‌ಫಾರ್ಮ್ ಅಂಟಿಸುತ್ತಾನೆ. ಸ್ಕೌಟ್ ಹಗ್ಗದ ಕೊಕ್ಕೆ ಹಾರಿಸಿ ಮೇಲೇರಿ, ಅದರ ಮೇಲೆ ನಿಂತು ಅಗೆಯುತ್ತಾನೆ. ಇಂಜಿನಿಯರ್ ಇಲ್ಲದಿದ್ದರೂ ಆಗುತ್ತೆ, ಆದರೆ ಸ್ಕೌಟ್ ಅಗೆಯುವಷ್ಟರಲ್ಲಿ ಬಿದ್ದು ಕೈಕಾಲು ಮುರಿದುಕೊಳ್ಳುತ್ತಾನೆ. ಡ್ರಿಲ್ಲರ್ ನೆಲ ಕೊರೆದು ದಾರಿ ಮಾಡುತ್ತಾನೆ, ಗನ್ನರ್ ಪ್ರಪಾತಕ್ಕೆ ಅಡ್ಡಲಾಗಿ ಹಗ್ಗ ಕಟ್ಟಿಕೊಡುತ್ತಾನೆ.

ಹೊಸಬರು ಜಗಳ ಆಡುವುದು ನೈಟ್ರಾ ವಿಷಯಕ್ಕೆ. ನೈಟ್ರಾ ಅನ್ನೋದು ಅಗೆದು ತೆಗೆಯುವ ಒಂದು ಖನಿಜ. 80 ನೈಟ್ರಾ ಕೂಡಿಸಿದರೆ ಗುಂಡು ತುಂಬಿಕೊಳ್ಳೋಕೆ ಒಂದು ಸಪ್ಲೈ ಪಾಡ್ ಬರುತ್ತೆ, ಅದರಲ್ಲಿ ನಾಲ್ಕು ಪಾಲು. ನಾಲ್ವರಿದ್ದರೆ ತಲಾ ಒಂದು. ಗುಂಡು ಮುಗಿದ ಗಾಬರಿಯಲ್ಲಿ ಒಬ್ಬ ಎರಡು ಪಾಲು ಎತ್ತಿಕೊಂಡರೆ ಇನ್ನೊಬ್ಬನಿಗೆ ಗುದ್ದಲಿಯೇ ಗತಿ. ಇದನ್ನು ಮೊದಲ ಮಿಷನ್‌ಗೆ ಮುಂಚೆಯೇ ಹೇಳಿಬಿಡಿ. ಇನ್ನೊಂದು ವಿಷಯ: ಸ್ಟೀಮ್ ಅನ್ನುವ ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯಲ್ಲಿ ಕೊಂಡವರೂ ಎಕ್ಸ್‌ಬಾಕ್ಸ್ ಅಥವಾ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಪಡೆದವರೂ ಈ ಆಟದಲ್ಲಿ ಒಟ್ಟಿಗೆ ಸೇರೋಕಾಗಲ್ಲ. ಮೈನ್‌ಕ್ರಾಫ್ಟ್‌ನಲ್ಲೂ ಇದೇ ಕಥೆ. ಜಾವಾ ಆವೃತ್ತಿಯವರೂ ಬೆಡ್‌ರಾಕ್‌ನವರೂ ಒಂದೇ ಲೋಕದಲ್ಲಿ ಸಿಗಲ್ಲ. ಫೋನ್, ಕನ್ಸೋಲ್, ಪಿಸಿ ಬೆರೆತ ಗುಂಪಿಗೆ ಬೆಡ್‌ರಾಕ್ ಒಂದೇ ದಾರಿ. ದುಡ್ಡು ಕೊಡುವ ಮುಂಚೆ "ಯಾವ ಗೇಮ್" ಅಂತ ಮಾತ್ರ ಅಲ್ಲ, "ಯಾವ ಅಂಗಡಿಯದ್ದು" ಅಂತಲೂ ಕೇಳಿ.

ಸಡಿಲ ಅನ್ನಿಸಿಕೊಂಡೂ ಒಳಗೊಳಗೇ ಬಿಗಿಯಾಗಿರುವ ಆಟಗಳೂ ಇವೆ, ಜನ ಮೋಸ ಹೋಗುವುದು ಇಲ್ಲೇ. 'ಸ್ಟಾರ್‌ಡ್ಯೂ ವ್ಯಾಲಿ' ನೋಡೋಕೆ ಎಷ್ಟು ಸಾಧು ಅಲ್ವಾ, ತೋಟ ಮಾಡ್ಕೊಂಡು, ಮೀನು ಹಿಡ್ಕೊಂಡು. ಆದರೆ ತೋಟದ ಸೇವ್ ಫೈಲ್ ಇರುವುದು ಹೋಸ್ಟ್ ಮಾಡಿದವರ, ಅಂದರೆ ಆಟ ತೆರೆದು ಉಳಿದವರನ್ನು ಸೇರಿಸಿಕೊಂಡವರ, ಯಂತ್ರದಲ್ಲಿ. ಅವರು ಬರದಿದ್ದರೆ ಉಳಿದವರು ತಮ್ಮ ಗಿಡಕ್ಕೆ ನೀರು ಹಾಕೋಕೂ ಆಗಲ್ಲ. ಆನ್‌ಲೈನ್‌ನಲ್ಲಿ ಮೆನು ತೆರೆದರೂ ಸಮಯ ನಿಲ್ಲಲ್ಲ, ಮತ್ತು ಎಲ್ಲರೂ ಮಲಗಿದರೆ ಮಾತ್ರ ದಿನ ಬೇಗ ಮುಗಿಯುತ್ತೆ. ಆಟದ ಒಂದು ದಿನ ಪೂರ್ತಿ ಓಡಿದರೆ ನಮ್ಮ 14 ನಿಮಿಷ. ಒಬ್ಬ ಗಣಿಯಲ್ಲೇ ಅಲೆಯುತ್ತಿದ್ದರೆ ಮಿಕ್ಕವರು ಹಾಸಿಗೆಯಲ್ಲಿ ಬಿದ್ದುಕೊಂಡು ಅವನಿಗೆ ಬೈಯುತ್ತಿರಬೇಕು. ದುಡ್ಡಿನ ವ್ಯವಹಾರ ಶುರುವಿನಲ್ಲೇ ಇತ್ಯರ್ಥವಾಗಲಿ: ಒಂದೇ ಹುಂಡಿಯೋ, ಬೇರೆ ಬೇರೆ ಜೇಬೋ. ಎರಡಕ್ಕೂ ಅವಕಾಶ ಇದೆ. ದಂಪತಿಗೆ ಒಂದೇ ಹುಂಡಿ ನಡೆದೀತು, ನಾಲ್ವರು ಗೆಳೆಯರಿಗೆ ನಡೆಯಲ್ಲ. ಬೀಜಕ್ಕೆ ಕೂಡಿಟ್ಟ ದುಡ್ಡಲ್ಲಿ ಒಬ್ಬ ಟೋಪಿ ಕೊಂಡಿರುತ್ತಾನೆ.

ವೈಕಿಂಗ್‌ಗಳಾಗಿ ಕಾಡಿನಲ್ಲಿ ಮನೆ ಕಟ್ಟಿ ಬದುಕುವ 'ವಾಲ್‌ಹೈಮ್'ನಲ್ಲೂ ಲೋಕ ಹೋಸ್ಟ್‌ನ ಹತ್ತಿರವೇ. ಆದರೆ ಪಾತ್ರ ಮತ್ತು ಅವನ ಬೆನ್ನ ಮೇಲಿನ ಸಾಮಾನು ಅವರವರ ಹತ್ತಿರ ಇರುತ್ತೆ. ಹತ್ತು ಜನರವರೆಗೂ ಆಡಬಹುದಾದ ಆಟ ಇದು. ಹೋಸ್ಟ್ ಬರದಿದ್ದರೂ ಲೋಕವನ್ನು ತೆರೆದಿಡುವ ಡೆಡಿಕೇಟೆಡ್ ಸರ್ವರ್ ಪ್ರೋಗ್ರಾಂ ಸ್ಟೀಮ್‌ನಲ್ಲಿ ಉಚಿತವಾಗಿ ಸಿಗುತ್ತೆ. ಮನೆಯಲ್ಲಿ ಸದಾ ಆನ್ ಇರುವ ಒಂದು ಪಿಸಿ ಇದ್ದರೆ ಅದರ ಮೇಲೆ ಓಡಿಸಿಬಿಟ್ಟರೆ ಯಾರು ಯಾವಾಗ ಬೇಕಾದರೂ ಬಂದು ಮರ ಕಡಿಯಬಹುದು. ನಮ್ಮ ಕಡೆ ಬಹಳ ಇಂಟರ್ನೆಟ್ ಸಂಪರ್ಕಗಳು ಹಲವು ಮನೆಗೆ ಒಂದೇ ಐಪಿ ವಿಳಾಸ ಹಂಚಿರುತ್ತವೆ. ಆಗ ರೌಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರೋಕಾಗಲ್ಲ. ಅಂಥಲ್ಲಿ ಸರ್ವರ್ ಅನ್ನು ಕ್ರಾಸ್‌ಪ್ಲೇ (ಬೇರೆ ಬೇರೆ ಯಂತ್ರದವರನ್ನು ಸೇರಿಸುವ ಆಯ್ಕೆ) ಆನ್ ಮಾಡಿ ಓಡಿಸಿ, ಕೋಡ್ ಕೊಟ್ಟು ಸೇರಿಸಿಕೊಳ್ಳಿ.

ಬಿಗಿ-ಸಡಿಲ ಮುಗಿದ ಮೇಲೆ ಗುಂಪಿನ ಅತಿ ಬಡ ಲ್ಯಾಪ್‌ಟಾಪ್ ನೋಡಿ. ನಾಲ್ವರಲ್ಲಿ ಮೂವರ ಹತ್ತಿರ ಗೇಮಿಂಗ್ ಯಂತ್ರ ಇದ್ದೇನು ಬಂತು? 'ಬಾಲ್ಡರ್ಸ್ ಗೇಟ್ 3' ಕೇಳುವುದೇ 150 ಜಿಬಿ ಜಾಗ. ನಾಲ್ಕನೆಯವನ 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ಗೆ 2009ರ 'ಲೆಫ್ಟ್ 4 ಡೆಡ್ 2' ಸಾಕು. ಆರಾಮಾಗಿ ಓಡುತ್ತೆ, ನಾಲ್ವರಿಗೆ ಅಂತಲೇ ಕಟ್ಟಿದ ಆಟ, ಇವತ್ತಿಗೂ ಹಳಸಿಲ್ಲ. (ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಸ್ಟೀಮ್ ಹಾಕುವ ಸಾಹಸ ಮಾತ್ರ ಬೇಡ.)

ಸ್ಟೀಮ್‌ನ ರಿಮೋಟ್ ಪ್ಲೇ ಟುಗೆದರ್ ಇದೆಯಲ್ಲ ಅಂತೀರಿ. ಇದೆ. ಒಂದೇ ಪರದೆಯಲ್ಲಿ ಆಡುವ ಆಟಗಳನ್ನು ದೂರದವರಿಗೂ ತಲುಪಿಸುತ್ತೆ, ಒಬ್ಬರು ಕೊಂಡರೆ ಸಾಕು. ಆದರೆ ಅದು ವಿಡಿಯೋ ಕಳಿಸುವ ಕೆಲಸ. 10 ಎಂಬಿಪಿಎಸ್‌ನಲ್ಲಿ ಓಡಿದರೆ ನೋಡುವವರಿಗೆ ಗಂಟೆಗೆ 4.5 ಜಿಬಿ ಡೇಟಾ ಹೋಗುತ್ತೆ. ಮೂವರಿಗೆ ಕಳಿಸುವ ಹೋಸ್ಟ್‌ನ ಅಪ್‌ಲೋಡ್ ಅದರ ಮೂರರಷ್ಟು ಬೇಕು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೂತವರ ದಿನದ ಡೇಟಾ ಅರ್ಧ ಗಂಟೆಗೇ ಮುಗಿದೀತು.

ಒಟ್ಟಿಗೆ ಅಡುಗೆ ಮಾಡಿ ಬಡಿಸುವ 'ಓವರ್‌ಕುಕ್ಡ್ 2' ಬಗ್ಗೆ ಎರಡು ಮಾತು. ಕ್ಯಾಮೆರಾ ತಿರುಗಿಸುವ ತಲೆನೋವಿಲ್ಲ, ಒಂದು ಕೋಲು, ಎರಡು ಮೂರು ಬಟನ್, ಅಮ್ಮನನ್ನೂ ಕೂರಿಸಬಹುದು. ಆದರೆ ಸ್ನೇಹ ಮುರಿಯುವ ಆಟ ಅಂತ ಹೆಸರು ಬಂದಿರುವುದಕ್ಕೆ ಕಾರಣ ಇದೆ: ಚೆನ್ನಾಗಿ ಆಡುವವನು ಮ್ಯಾನೇಜರ್ ಆಗಿಬಿಡುತ್ತಾನೆ. ಔಷಧ ಸುಲಭ. ಯಾವ ಅಡುಗೆ ಯಾರದ್ದು ಅಂತ ಹಂಚಬೇಡಿ, ಯಾವ ಜಾಗ ಯಾರದ್ದು ಅಂತ ಹಂಚಿ. ಹೆಚ್ಚುವವರು, ಒಲೆ ನೋಡುವವರು, ತಟ್ಟೆ ತೊಳೆದು ಬಡಿಸುವವರು. ಹೊಸಬರಿಗೆ ತಟ್ಟೆ ಕೊಡಿ. ತಟ್ಟೆ ಇಲ್ಲದೆ ಯಾವ ಆರ್ಡರೂ ಹೊರಡಲ್ಲ, ಹಾಗಾಗಿ ಅವರೇ ಎಲ್ಲರಿಗೂ ಬೇಕಾದವರಾಗುತ್ತಾರೆ. ಆರ್ಡರ್ ಬಂದ ಸಾಲಿನಲ್ಲೇ ಕಳಿಸಿದರೆ ಟಿಪ್ ನಾಲ್ಕು ಪಟ್ಟಿನವರೆಗೆ ಏರುತ್ತೆ, ಸಾಲು ತಪ್ಪಿದರೆ ಮತ್ತೆ ಒಂದರಿಂದ. ತರಕಾರಿ ಎಸೆಯಬಹುದು, ತಟ್ಟೆಗೆ ಬಿದ್ದದ್ದನ್ನು ಎಸೆಯೋಕಾಗಲ್ಲ.

'ಪೀಕ್', 'ಲೀಥಲ್ ಕಂಪನಿ' ಥರದ ಆಟ ಆಡುವಾಗ ಡಿಸ್ಕಾರ್ಡ್ (ಗುಂಪಾಗಿ ಮಾತಾಡುವ ಆಪ್) ಮುಚ್ಚಿ, ಆಟದೊಳಗಿನ ಮೈಕ್‌ನಲ್ಲೇ ಮಾತಾಡಿ. ಇವುಗಳಲ್ಲಿ ದೂರ ಹೋದವನ ದನಿ ಸಣ್ಣಗಾಗುತ್ತೆ, ಬೆಟ್ಟದಿಂದ ಜಾರಿದವನ ಕೂಗು ಕೆಳಗೆ ಹೋಗ್ತಾ ಹೋಗ್ತಾ ಕರಗುತ್ತೆ. ಅರ್ಧ ಆಟ ಇರುವುದೇ ಅಲ್ಲಿ. ಡಿಸ್ಕಾರ್ಡ್‌ನಲ್ಲಿ ಅವನು ಕಿವಿ ಪಕ್ಕದಲ್ಲೇ ಆರಾಮಾಗಿ ಮಾತಾಡ್ತಿದ್ದರೆ ಭಯವೂ ಇಲ್ಲ, ನಗುವೂ ಇಲ್ಲ.

ಗುಂಪಿನಲ್ಲಿ ಒಬ್ಬರಾದರೂ ಅಮೆರಿಕದಲ್ಲಿರುವುದು ಈಗ ಮಾಮೂಲು. ಬೆಂಗಳೂರಿಗೂ ಅಲ್ಲಿಗೂ ಪಿಂಗ್ (ಸಂಕೇತ ಹೋಗಿ ಬರುವ ಹೊತ್ತು) 200 ಮಿಲಿಸೆಕೆಂಡ್ ದಾಟುವುದು ಸಾಮಾನ್ಯ. ಯಾವ ಪ್ಲಾನ್ ಹಾಕಿಸಿದರೂ ಭೂಮಿ ಚಿಕ್ಕದಾಗಲ್ಲ. ತೋಟ, ಒಗಟು, ಬಾಂಬ್ ನಡೆಯುತ್ತೆ. ಕ್ಷಣಕ್ಕೆ ಕ್ಷಣ ಎಸೆದು ಹಿಡಿಯುವ ಆಟ ಬೇಡ. ಅವರಿಗೆ ಇಲ್ಲಿಂದ ಸ್ಟೀಮ್ ಗಿಫ್ಟ್ ಕಳಿಸೋಣ ಅಂದುಕೊಂಡರೆ, ಎರಡು ದೇಶದ ಬೆಲೆಯಲ್ಲಿ ಅಂತರ ಜಾಸ್ತಿ ಇದ್ದಾಗ ಸ್ಟೀಮ್ ಬಿಡಲ್ಲ. ಅವರವರ ಕಾಪಿ ಅವರವರೇ ಕೊಳ್ಳಬೇಕು. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಲಾಬಿಯಲ್ಲಿ ಕೂತು "ನಿಂಗೆ ನನ್ ಇನ್ವೈಟ್ ಬಂತಾ" ಅಂತ ಕಳೆದ ಮುಕ್ಕಾಲು ಗಂಟೆಯೂ ಆ ಎರಡು ಗಂಟೆಯಲ್ಲೇ ಲೆಕ್ಕ. ಹಾಗಾಗಿ ಡೌನ್‌ಲೋಡ್, ಅಕೌಂಟು, ಮೈಕು ಎಲ್ಲ ಹಿಂದಿನ ದಿನವೇ ಸರಿಮಾಡಿಟ್ಟುಕೊಂಡು, ಆಟ ತೆರೆಯುವುದನ್ನು ಎಲ್ಲರೂ ಬಂದ ಮೇಲೆ ಮಾಡಿ.

ಹೊತ್ತು ಗೊತ್ತುಮಾಡುವಾಗ ಕ್ಯಾಲಿಫೋರ್ನಿಯಾದವರ ಶುಕ್ರವಾರ ರಾತ್ರಿ 9 ಅಂದರೆ ಬೇಸಿಗೆಯಲ್ಲಿ ನಮಗೆ ಶನಿವಾರ ಬೆಳಿಗ್ಗೆ 9:30. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ಅದೇ ಆಟ ನಮಗೆ 10:30ಕ್ಕೆ. ತಿಂಡಿ ಮುಗಿಸಿಯೇ ಕೂರಬಹುದು.