ಓದಬೇಡಿ, ಬೆಲೆ ಬಿದ್ದುಹೋಗುತ್ತದೆ

ಭಾನುವಾರ ಬೆಳಿಗ್ಗೆ ದೋಸೆ ಕಾವಲಿಯ ಮೇಲಿರುವಾಗಲೇ ನ್ಯೂಜೆರ್ಸಿಯಿಂದ ಅಕ್ಕನ ಮಗನ ವಿಡಿಯೋ ಕಾಲ್ ಬಂತು. ಅಲ್ಲಿ ಶನಿವಾರ ರಾತ್ರಿ. ಅವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ತೊಟ್ಟಿಲಿನಿಂದ ಮಗು ಎತ್ತಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದ. ಗಟ್ಟಿ ಪ್ಲಾಸ್ಟಿಕ್ಕು, ಸುತ್ತ ಸೀಲು, ಮೇಲೊಂದು ನೀಲಿ ಪಟ್ಟಿ, ಪಟ್ಟಿಯ ಮೂಲೆಯಲ್ಲಿ 9.8 ಅಂತ ನಂಬರು. ಒಳಗೆ ಒಂದು ಕಾಮಿಕ್ಸ್.

"ಮಾಮ, ಇವನ ಸೀರಿಯಲ್ ಬರುತ್ತಂತೆ. ಇನ್ನೂ ಅನೌನ್ಸ್ ಆಗಿಲ್ಲ. ಅಷ್ಟರೊಳಗೆ ಹಿಡಿದುಬಿಟ್ಟೆ."

"ಯಾರೋ ಅವನು?"

ಹೆಸರು ಹೇಳಿದ. ಹೇಳುವ ಮೊದಲು ಡಬ್ಬಿ ತಿರುಗಿಸಿ ಓದಿಕೊಂಡ.

"ಕಥೆ ಏನು?"

"ಓದಿಲ್ಲ ಮಾಮ. ಡಬ್ಬಿ ಒಡೆದರೆ ಗ್ರೇಡ್ ಹೋಗುತ್ತೆ."

ದೋಸೆ ಸೀದುಹೋಯಿತು. ಹೋಗಲಿ. ಪುಸ್ತಕವನ್ನು ಓದದೆ ಇರುವುದಕ್ಕೆ ಇಷ್ಟು ದುಡ್ಡು ಖರ್ಚು ಮಾಡುವ ವಂಶ ನಮ್ಮದು ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ತಾತ ಪುಕ್ಕಟೆಯಾಗಿಯೇ ಓದದೆ ಇದ್ದರು.

ಇದಕ್ಕೆಲ್ಲ ಫ್ಲೋರಿಡಾದಲ್ಲಿ ಸಿಜಿಸಿ ಅಂತ ಒಂದು ಕಂಪನಿ ಇದೆ, 2000ದಿಂದ. ನೀವು ಕಾಮಿಕ್ಸ್ ಕಳಿಸಬೇಕು, ಜೊತೆಗೆ ಫೀಸು ಕಳಿಸಬೇಕು. ಅವರು ಲೈಟಿನ ಕೆಳಗಿಟ್ಟು ಅದರ ಬೆನ್ನು, ಮೂಲೆ, ಪಿನ್ನು ಎಲ್ಲ ನೋಡಿ 0.5ರಿಂದ 10ರವರೆಗೆ ಮಾರ್ಕ್ಸ್ ಕೊಡುತ್ತಾರೆ. ಆಮೇಲೆ ಡಬ್ಬಿಯಲ್ಲಿಟ್ಟು ಸೀಲ್ ಮಾಡುತ್ತಾರೆ. ಇದಕ್ಕೆ ಸ್ಲ್ಯಾಬ್ ಅಂತ ಹೆಸರು. ನಮ್ಮ ಕಡೆ ಸ್ಲ್ಯಾಬ್ ಅಂದರೆ ಮೋರಿ ಮುಚ್ಚುವುದು. ಇಲ್ಲೂ ಕೆಲಸ ಅದೇ, ಒಳಪುಟ ಯಾರಿಗೂ ಕಾಣಬಾರದು. 9.8ಕ್ಕೂ 9.6ಕ್ಕೂ ವ್ಯತ್ಯಾಸ ಏನು ಅಂತ ಕೇಳಿದೆ. ಪಿನ್ನಿನ ಹತ್ತಿರ ಕೂದಲೆಳೆಯಷ್ಟು ಒಂದು ಗೆರೆ ಇರಬಹುದಂತೆ. ಆ ಗೆರೆಗೆ ಕೆಲವು ಸಲ ಅರ್ಧಕ್ಕರ್ಧ ಬೆಲೆ ಹಾರಿಹೋಗುತ್ತದಂತೆ.

ನಾನು ಕಾಮಿಕ್ಸ್ ಓದಿದ್ದು ಬಾಡಿಗೆ ಲೈಬ್ರರಿಯಲ್ಲಿ. ದಿನಕ್ಕೆ 25 ಪೈಸೆ. ಇಂದ್ರಜಾಲ ಕಾಮಿಕ್ಸ್ ನನ್ನ ಕೈಗೆ ಬರುವ ಹೊತ್ತಿಗೆ ನಲವತ್ತು ಜನ ಓದಿರುತ್ತಿದ್ದರು. ಬೆನ್ನಿಗೆ ಗೋಣಿ ಹೊಲಿಯುವ ದಾರ. ಮೊದಲ ಪುಟದಲ್ಲಿ ಲೈಬ್ರರಿ ಸೀಲು, ಫ್ಯಾಂಟಮ್‌ನ ಮುಖದ ಮೇಲೆ ಸರಿಯಾಗಿ. ಹನ್ನೆರಡನೇ ಪುಟದಲ್ಲಿ ಕಾಂಗ್ರೆಸ್ ಕಡ್ಲೆಬೀಜದ ಎಣ್ಣೆ ಕಲೆ. ಕೊನೆಯ ಪುಟ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಕಳ್ಳ ಸಿಕ್ಕಿದನೋ ಇಲ್ಲವೋ ಅಂತ ಪಕ್ಕದ ಬೀದಿಯ ಸೀನನನ್ನು ಕೇಳಬೇಕಿತ್ತು, ಅವನು ಹೇಳುವುದಕ್ಕೆ ಒಂದು ಗೋಲಿ ಕೇಳುತ್ತಿದ್ದ. ಆ ಪ್ರತಿಯನ್ನು ಫ್ಲೋರಿಡಾಗೆ ಕಳಿಸಿದರೆ ಅವರು ಮಾರ್ಕ್ಸ್ ಕೊಡುವುದಿಲ್ಲ, ಪುಸ್ತಕವನ್ನು ಆಸ್ಪತ್ರೆಗೆ ಸೇರಿಸುತ್ತಾರೆ.

ಇರಲಿ, ಟೀವಿ ವಿಷಯಕ್ಕೆ ಬರುತ್ತೇನೆ. ಎಲ್ಲದಕ್ಕೂ ಕಾರಣ ಅದೇ ಅಲ್ವಾ.

2003ರ ಅಕ್ಟೋಬರಿನಲ್ಲಿ 'ದಿ ವಾಕಿಂಗ್ ಡೆಡ್' ಅಂತ ಒಂದು ಕಪ್ಪು-ಬಿಳುಪು ಕಾಮಿಕ್ಸ್ ಬಂತು. ಬೆಲೆ 2.95 ಡಾಲರ್. ಅಚ್ಚಾಗಿದ್ದು 7,000 ಪ್ರತಿಗಳ ಆಸುಪಾಸು. 2010ರ ಅಕ್ಟೋಬರ್ 31ಕ್ಕೆ ಅದು ಟೀವಿಗೆ ಬಂತು. ಸತ್ತ ಹೆಣಗಳು ಎದ್ದು ನಡೆದವು, ಜೊತೆಗೆ ಹಳೇ ಸಂಚಿಕೆಗಳ ಬೆಲೆಯೂ ಎದ್ದು ನಡೆಯಿತು. 2012ರಲ್ಲಿ 9.9 ಗ್ರೇಡಿನ ಮೊದಲ ಸಂಚಿಕೆ 10,000 ಡಾಲರ್‌ಗೆ ಹೋಯಿತು. ಆವತ್ತಿನಿಂದ ಅಮೆರಿಕದ ಕಾಮಿಕ್ಸ್ ಪ್ರೇಮಿಗಳಿಗೆ ನಿದ್ದೆ ಇಲ್ಲ. ಮುಂದಿನ ವಾಕಿಂಗ್ ಡೆಡ್ ಯಾವುದು? ಯಾವ ಹೀರೋ, ಯಾವ ವಿಲನ್, ಯಾವ ಹೀರೋಯಿನ್‌ನ ಅಜ್ಜಿ ಟೀವಿಗೆ ಬರುತ್ತಾಳೆ? ಅವಳು ಮೊದಲ ಸಲ ಕಾಣಿಸಿಕೊಂಡ ಸಂಚಿಕೆ ಯಾವುದು? ಅದನ್ನು ಕೀ ಇಷ್ಯೂ ಅನ್ನುತ್ತಾರೆ. ಬೀಗ ಎಲ್ಲಿದೆ ಅಂತ ಯಾರೂ ಕೇಳಬಾರದು.

ಮೊದಲ ಸಲ ಕಾಣಿಸಿಕೊಂಡಿದ್ದು ಅಂದರೆ ಏನು ಎನ್ನುವುದು ನಮ್ಮ ಮುಹೂರ್ತದ ಜಗಳಕ್ಕಿಂತ ದೊಡ್ಡದು. ಮುಂದೆ ಎಕ್ಸ್-ಮೆನ್ ತಂಡ ಸೇರಿದ ಹೀರೋ ವುಲ್ವರೀನ್ 1974ರಲ್ಲಿ ಹಲ್ಕ್ ಪತ್ರಿಕೆಯ 180ನೇ ಸಂಚಿಕೆಯ ಕೊನೆಯ ಚೌಕದಲ್ಲಿ ಬಂದು ನಿಂತ. ಪೂರ್ತಿಯಾಗಿ ಬಂದು ಹೊಡೆದಾಡಿದ್ದು 181ರಲ್ಲಿ. ಹಾಗಾಗಿ 180 ಬರೀ ಕ್ಯಾಮಿಯೊ, 181 ಅಸಲಿ. ಹೆಣ್ಣು ನೋಡಲು ಹೋದಾಗ ಬಾಗಿಲ ಸಂದಿಯಲ್ಲಿ ಸೆರಗು ಕಂಡಿದ್ದು ಲೆಕ್ಕಕ್ಕಿಲ್ಲ, ಕಾಫಿ ಲೋಟ ಹಿಡಿದು ಬಂದಿದ್ದೇ ಲೆಕ್ಕ. ಬೆಲೆಯಲ್ಲಿ ಎರಡಕ್ಕೂ ಅಜಗಜಾಂತರ.

ಈ 181ರ ಒಳಗೆ ಇನ್ನೊಂದು ತಮಾಷೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಆ ಕಾಲದಲ್ಲಿ ಮಾರ್ವೆಲ್ ಕಂಪನಿ ತನ್ನ ಕಾಮಿಕ್ಸ್‌ಗಳ ಒಳಪುಟದಲ್ಲಿ ಅಂಚೆಚೀಟಿಯಂಥ ಒಂದು ಚಿತ್ರ ಅಚ್ಚು ಹಾಕುತ್ತಿತ್ತು. ಮಕ್ಕಳೇ, ಕತ್ತರಿಸಿ ಅಂಟಿಸಿಕೊಳ್ಳಿ ಅಂತ. ಅಂಟಿಸುವುದಕ್ಕೆ ಪುಸ್ತಕವನ್ನೂ ಕಂಪನಿಯೇ ಮಾರಿತು. ಹೇಳಿದ ಮಾತು ಕೇಳುವ ಮಕ್ಕಳು ಕತ್ತರಿ ತಂದು ಕತ್ತರಿಸಿದರು. 1992ರಲ್ಲಿ ಎಕ್ಸ್-ಮೆನ್ ಕಾರ್ಟೂನ್ ಟೀವಿಗೆ ಬಂದ ಮೇಲಂತೂ ವುಲ್ವರೀನ್ ಮನೆಮಾತಾದ. ಈಗ ಚೀಟಿ ಕತ್ತರಿಸಿದ 181 ಸಿಕ್ಕರೆ ಕೊಳ್ಳುವವರು ಮುಖ ಸಿಂಡರಿಸುತ್ತಾರೆ. ಬೆಲೆ ಪಾತಾಳಕ್ಕೆ. ಸೋಂಬೇರಿ ಹುಡುಗನ ಪ್ರತಿಗೆ ಲಕ್ಷಾಂತರ ರೂಪಾಯಿ. ಮಕ್ಕಳಿಗೆ ನೀತಿಕಥೆ ಹೇಳುವವರು ಇದನ್ನು ದಯವಿಟ್ಟು ಬಿಟ್ಟುಬಿಡಿ.

ನಮ್ಮ ಹುಡುಗ ಈ ದಂಧೆಗೆ ಬಿದ್ದಿದ್ದು 2021ರ ಜನವರಿಯಲ್ಲಿ. ಕೊರೊನಾ, ಮನೆಯಿಂದ ಕೆಲಸ, ಕೈಯಲ್ಲಿ ಕಾಸು, ಹೊರಗೆ ಹೋಗುವಂತಿಲ್ಲ. ಆಗ ಮಾರ್ವೆಲ್‌ನವರ 'ವಾಂಡಾವಿಷನ್' ಸೀರಿಯಲ್ ಶುರುವಾಯಿತು. ಅದರಲ್ಲಿ ಮೆಫಿಸ್ಟೊ ಅನ್ನುವ ಸೈತಾನ ಬಂದೇ ಬರುತ್ತಾನೆ ಅಂತ ಗಾಳಿಸುದ್ದಿ. ಮೆಫಿಸ್ಟೊ ಮೊದಲು ಕಾಣಿಸಿಕೊಂಡಿದ್ದು 1968ರ 'ಸಿಲ್ವರ್ ಸರ್ಫರ್' ಮೂರನೇ ಸಂಚಿಕೆಯಲ್ಲಿ. ಎಲ್ಲರೂ ಅದರ ಹಿಂದೆ ಬಿದ್ದರು. ನಮ್ಮವನೂ ಬಿದ್ದ. ಕಾರಿನ ಡೌನ್‌ಪೇಮೆಂಟಿಗೆ ಇಟ್ಟಿದ್ದ ದುಡ್ಡು ಅಂತ ಅಕ್ಕ ಆಮೇಲೆ ಹೇಳಿದಳು.

ಪ್ರತಿ ಶುಕ್ರವಾರ ಪ್ರಾರ್ಥನೆ. ಸೀರಿಯಲ್‌ನಲ್ಲಿ ಕಿಟಕಿಯ ಪರದೆ ಮೇಲೆ ಒಂದು ಕೀಟ ಕೂತರೆ ಅದೇ ಮೆಫಿಸ್ಟೊ. ಯಾರೋ ದೆವ್ವ ಅನ್ನುವ ಮಾತು ಬಳಸಿದರೆ ಅದೇ ಸೂಚನೆ. ನಮ್ಮ ಊರಿನಲ್ಲಿ ಹಲ್ಲಿ ಲೊಚಗುಟ್ಟಿದರೆ ಪಂಚಾಂಗ ತೆಗೆಯುವವರನ್ನು ಇವನೇ ಗೇಲಿ ಮಾಡುತ್ತಿದ್ದ. ಒಂಬತ್ತು ಕಂತು ಮುಗಿದವು. ಮಾರ್ಚ್ 5ಕ್ಕೆ ಕೊನೆಯದು. ಸೈತಾನ ಬರಲಿಲ್ಲ. ಜೂನ್‌ನಲ್ಲಿ 'ಲೋಕಿ' ಶುರುವಾಯಿತು. ಮೊದಲ ಕಂತಿನಲ್ಲೇ ಚರ್ಚಿನ ಬಣ್ಣದ ಗಾಜಿನ ಮೇಲೆ ಕೊಂಬಿನ ದೆವ್ವದ ಚಿತ್ರ! ಮತ್ತೆ ಹಬ್ಬ. ಆ ಚಿತ್ರಕ್ಕೂ ಮೆಫಿಸ್ಟೊಗೂ ಸಂಬಂಧ ಇಲ್ಲ ಅಂತ ನಿರ್ದೇಶಕಿ ಸ್ವತಃ ಹೇಳಬೇಕಾಯಿತು. ಯಾರೂ ನಂಬಲಿಲ್ಲ. ಸೈತಾನನ ಭಕ್ತರಿಗೆ ಇರುವ ಶ್ರದ್ಧೆ ದೇವರ ಭಕ್ತರಿಗೆ ಇದ್ದಿದ್ದರೆ ಕಲಿಯುಗ ಎಂದೋ ಮುಗಿಯುತ್ತಿತ್ತು.

2023ರಲ್ಲಿ ನಮ್ಮವನು ಆ ಮೂರನೇ ಸಂಚಿಕೆಯನ್ನು ಸಿಕ್ಕಷ್ಟಕ್ಕೆ ಮಾರಿ ಕೈತೊಳೆದುಕೊಂಡ. 2025ರ ಜುಲೈನಲ್ಲಿ 'ಐರನ್‌ಹಾರ್ಟ್' ಸೀರಿಯಲ್‌ನ ಕೊನೆಯ ಕಂತಿನಲ್ಲಿ ಮೆಫಿಸ್ಟೊ ಆರಾಮಾಗಿ ಬಂದು ಕೂತ. ಮನುಷ್ಯರ ಆತ್ಮ ಕೊಂಡುಕೊಳ್ಳುವುದು ಅವನ ಕಸುಬಂತೆ. ನಾಲ್ಕು ವರ್ಷ ಪರದೆಯ ಮೇಲೆ ಮುಖ ತೋರಿಸದೆಯೇ ಎಷ್ಟು ಜನರದ್ದು ಕೊಂಡ, ನೋಡಿ. ಶೇರು ಮಾರ್ಕೆಟ್‌ನವರು ಇದನ್ನು ಮೊದಲೇ ಹೇಳಿದ್ದರು: ಗಾಳಿಸುದ್ದಿಗೆ ಕೊಳ್ಳು, ಗಟ್ಟಿ ಸುದ್ದಿಗೆ ಮಾರು. ಇವನು ಗಾಳಿಸುದ್ದಿಗೆ ಕೊಂಡ, ಗಟ್ಟಿ ಸುದ್ದಿ ಬರುವ ಮೊದಲೇ ಗಾಳಿ ಹೋಯಿತು.

ಟೀವಿಯಿಂದ ಕಾಮಿಕ್ಸ್‌ಗೆ ಬೆಲೆ ಬರುತ್ತದೆ ಅಂತಷ್ಟೇ ಅಲ್ಲ, ಕೆಲವು ಸಲ ಕಾಮಿಕ್ಸೇ ಟೀವಿಯ ಭಯದಿಂದ ಹುಟ್ಟಿದೆ. 1977ರಿಂದ ಹಲ್ಕ್ ಸೀರಿಯಲ್ ಟೀವಿಯಲ್ಲಿ ಓಡುತ್ತಿತ್ತು. ಟೀವಿಯವರು ನಾಳೆ ಒಂದು ಹೆಣ್ಣು ಹಲ್ಕ್ ಮಾಡಿ ಹಕ್ಕು ತಮ್ಮದೇ ಅಂದರೆ ಏನು ಗತಿ ಅಂತ ಮಾರ್ವೆಲ್‌ಗೆ ಚಿಂತೆ. ತಾವೇ ಮೊದಲು ಮಾಡಿಬಿಡೋಣ ಅಂತ 1980ರಲ್ಲಿ ಶೀ-ಹಲ್ಕ್ ತಂದರು. ಖಾಲಿ ಸೈಟಿನ ಮುಂದೆ 'ಈ ಜಾಗ ಮಾರಾಟಕ್ಕಿಲ್ಲ' ಅಂತ ಬೋರ್ಡು ನೆಡುತ್ತೀವಲ್ಲ, ಆ ಬೋರ್ಡೇ ಈ ಕಾಮಿಕ್ಸು. 2022ರಲ್ಲಿ ಅವಳಿಗೂ ಸೀರಿಯಲ್ ಆಯಿತು. ಜನ ಬೋರ್ಡನ್ನೂ ಡಬ್ಬಿಯಲ್ಲಿಟ್ಟು ಮಾರಿದರು.

ನಮ್ಮಲ್ಲೂ ಟೀವಿಗೆ ಒಂದು ಪಾತ್ರ ಇದೆ. ಅನಂತ ಪೈ 1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ಕ್ವಿಜ್ ನೋಡಿದರಂತೆ. ಗ್ರೀಕ್ ಪುರಾಣದ ಪ್ರಶ್ನೆಗೆ ಟಕ್ಕನೆ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿ ಯಾರು ಅಂತ ಗೊತ್ತಿರಲಿಲ್ಲ. ಅಮರ ಚಿತ್ರಕಥೆ ಹುಟ್ಟಿದ ಕಥೆ ಅಂತ ಎಲ್ಲರೂ ಹೇಳುವುದು ಇದನ್ನೇ. ಆದರೆ ಅದಕ್ಕೂ ಮೊದಲು, 1965ರಲ್ಲೇ, ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಒತ್ತಾಯದಿಂದ ಅಮರ ಚಿತ್ರಕಥೆ ಮೊದಲು ಬಂದಿದ್ದು ಕನ್ನಡದಲ್ಲಿ. ಸಿಂಡ್ರೆಲಾ ಥರದ ಪರದೇಶದ ಕಥೆಗಳು, ಹತ್ತು ಪುಸ್ತಕ. ಇಂಗ್ಲಿಷಿನ ಸರಣಿ 11ನೇ ನಂಬರಿನ 'ಕೃಷ್ಣ'ದಿಂದ ಶುರುವಾಗುವುದು ಅದಕ್ಕೇ. ಆ ಹತ್ತು ಕನ್ನಡ ಪುಸ್ತಕಗಳು ಯಾರ ಮನೆಯ ಅಟ್ಟದಲ್ಲಿ ಇಲಿಯ ಬಾಣಂತನಕ್ಕೆ ಒದಗಿದವೋ. 1987ರಲ್ಲಿ ರಾಮಾಯಣ ಸೀರಿಯಲ್ ಬಂದಾಗ ನಮ್ಮ ಬೀದಿಯಲ್ಲಿ ಟೀವಿಗೇ ಹಾರ ಹಾಕಿ ಊದುಬತ್ತಿ ಹಚ್ಚಿದರು. ನನ್ನ ಹತ್ತಿರ ಇದ್ದ ರಾಮನ ಅಮರ ಚಿತ್ರಕಥೆಗೆ ಒಂದು ಪೈಸೆ ಜಾಸ್ತಿ ಬೆಲೆ ಬರಲಿಲ್ಲ. ಅಮ್ಮ ಅದನ್ನೂ ಸೇರಿಸಿ ನನ್ನ ಅಷ್ಟೂ ಕಾಮಿಕ್ಸ್ ಕೊಟ್ಟು ಸ್ಟೀಲ್ ಪಾತ್ರೆಯವಳ ಹತ್ತಿರ ಒಂದು ಕೊಳಗ ತೆಗೆದುಕೊಂಡಳು. ಎರಡು ಹಳೇ ಪಂಚೆಯನ್ನೂ ಮೇಲೆ ಹಾಕಬೇಕಾಯಿತು. ಕೊಳಗ ಇನ್ನೂ ಇದೆ. ಹಬ್ಬದ ದಿನ ಸಾರು ಅದರಲ್ಲೇ.

2024ರ ಶುರುವಿನಲ್ಲಿ ಇನ್ನೊಂದು ಬಯಲಾಯಿತು. ಯಾರೋ ಜಾಣರು ಸೀಲ್ ಡಬ್ಬಿಯನ್ನು ನಾಜೂಕಾಗಿ ಬಿಡಿಸಿ, ಒಳಗೆ ಕಡಿಮೆ ದರ್ಜೆಯ ಪುಸ್ತಕ ಸೇರಿಸಿ ಮಾರಿದ್ದರು. ಆಗಬೇಕಾದ್ದೇ. ತೆಗೆದು ನೋಡುವವರೇ ಇಲ್ಲದ ಮೇಲೆ ಒಳಗೆ ರೈಲ್ವೆ ಟೈಮ್‌ಟೇಬಲ್ ಇಟ್ಟರೂ ನಡೆಯುತ್ತದೆ.

ಇಷ್ಟು ಹೊತ್ತು ನಗುತ್ತಿದ್ದೆ. ಆದರೆ ಒಂದು ವಿಷಯಕ್ಕೆ ನಗು ಬರುವುದಿಲ್ಲ. 1938ರಲ್ಲಿ ಜೆರ್ರಿ ಸೀಗೆಲ್, ಜೋ ಶುಸ್ಟರ್ ಅಂತ ಇಬ್ಬರು ಹುಡುಗರು ಸೂಪರ್‌ಮ್ಯಾನ್ ಕಥೆ ಮಾರಿದರು. 13 ಪುಟ, ಪುಟಕ್ಕೆ 10 ಡಾಲರ್, ಒಟ್ಟು 130. ಬೇರೆ ಕೆಲಸದ ಬಾಕಿ ಸೇರಿ 412 ಡಾಲರಿನ ಚೆಕ್ಕು ಬಂತು. ಅದರಲ್ಲಿ ಇಬ್ಬರ ಹೆಸರೂ ತಪ್ಪು. ಕೋರ್ಟಿಗೆ ಹೋಗಿ 1948ರಲ್ಲಿ ಒಂದಿಷ್ಟು ಹಣಕ್ಕೆ ಹಕ್ಕು ಬಿಟ್ಟುಕೊಟ್ಟರು. 1952ರಲ್ಲಿ ಸೂಪರ್‌ಮ್ಯಾನ್ ಟೀವಿಗೆ ಬಂದು ಮನೆಮನೆ ಹಾರಾಡಿದ. ಶುಸ್ಟರ್‌ಗೆ ಕಣ್ಣು ಮಂಜಾಯಿತು. 1975ರಲ್ಲಿ ಪೇಪರಿನವರು ಬರೆದು ಬರೆದು ಛೀಮಾರಿ ಹಾಕಿದ ಮೇಲೆ ಕಂಪನಿ ವರ್ಷಕ್ಕೆ 20,000 ಡಾಲರ್ ಪಿಂಚಣಿ ಕೊಟ್ಟಿತು. ಸೂಪರ್‌ಮ್ಯಾನ್ ಕಥೆಗಳ ಮೇಲೆ ಅವರ ಹೆಸರನ್ನೂ ಮತ್ತೆ ಹಾಕಿತು. ಇಬ್ಬರೂ ಈಗ ಇಲ್ಲ. 2012ರಲ್ಲಿ ಆ ಹಳೇ ಚೆಕ್ಕು ಹರಾಜಾಯಿತು, 1,60,000 ಡಾಲರ್‌ಗೆ. 2024ರಲ್ಲಿ ಸೂಪರ್‌ಮ್ಯಾನ್ ಮೊದಲು ಬಂದ ಆ ಸಂಚಿಕೆಯ ಒಂದು ಪ್ರತಿ 60 ಲಕ್ಷ ಡಾಲರ್‌ಗೆ ಹೋಯಿತು. ಬರೆದವನಿಗೆ ಕೊಟ್ಟ ಚೆಕ್ಕಿಗೆ ಇರುವ ಬೆಲೆ ಬರೆದವನಿಗೆ ಇರಲಿಲ್ಲ. ಇದನ್ನು ವ್ಯಂಗ್ಯವಾಗಿ ಹೇಳಲು ನನಗೆ ಬರುತ್ತಿಲ್ಲ. ಪ್ರಯತ್ನ ಮಾಡಿದೆ, ಸಾಕಾಯಿತು.

ಇದನ್ನೆಲ್ಲ ನಮ್ಮ ಹುಡುಗನಿಗೂ ಹೇಳಿದೆ. "ಹೌದಾ ಮಾಮ? ಪಾಪ" ಅಂದ. ಆಮೇಲೆ ಸ್ವಲ್ಪ ಯೋಚನೆ ಮಾಡಿ, "ಆ ಥರ ಚೆಕ್ಕು ಬೇರೆ ಯಾರದ್ದಾದರೂ ಸಿಗುತ್ತಾ?" ಅಂತ ಕೇಳಿದ.

ನಾನು ಮಾತು ಬದಲಿಸಿದೆ. ಅವನ ಹಿಂದೆ ಗೋಡೆಯ ಮೇಲೆ ಹನ್ನೊಂದು ಡಬ್ಬಿ ಸಾಲಾಗಿ ನೇತಾಡುತ್ತಿದ್ದವು. ಬಿಸಿಲು ಬೀಳಬಾರದು ಅಂತ ಕಿಟಕಿಗೆ ದಪ್ಪ ಕರ್ಟನ್ ಹಾಕಿದ್ದ. ಆ ಮನೆಯಲ್ಲಿ ಹಗಲು ಹೊತ್ತೂ ಲೈಟ್ ಹಾಕಿಕೊಂಡೇ ಊಟ ಮಾಡುತ್ತಾರೆ ಅಂತ ಅಕ್ಕ ಹೇಳಿದ್ದು ನಿಜ.

"ಹೋಗಲಿ ಬಿಡು, ಕಾಮಿಕ್ಸ್ ಓದೋ ಹಾಗಿಲ್ಲ. ಆ ಸೈತಾನನ ಸೀರಿಯಲ್ ಆದರೂ ನೋಡಿದೆಯಾ? ಕೊನೆಗೂ ಬಂದನಂತಲ್ಲ. ಹೇಗೆ ಮಾಡಿದ್ದಾರೆ?"

"ನೋಡಿಲ್ಲ ಮಾಮ. ಮಾರಿಬಿಟ್ಟಿದ್ದೆನಲ್ಲ."